ಕಾಸಾಬ್ಲಾಂಕಾ ನೋಡಿದೆ. ಇಲ್ಸಾಳನ್ನು ಯಾರಾದರೂ ಒಂದು ಮಾತು ಕೇಳಿದರಾ?

ಕರಿಮೆಣಸು:
ನೋಡು ನೋಡು ಅಂತ ಎಲ್ಲರೂ ಹತ್ತು ವರ್ಷದಿಂದ ತಲೆ ತಿನ್ನುತ್ತಿದ್ದ ಸಿನಿಮಾವನ್ನು ಕೊನೆಗೂ ಭಾನುವಾರ ನೋಡಿದೆ. ಕಾಸಾಬ್ಲಾಂಕಾ, 1942, ಕಪ್ಪು-ಬಿಳುಪು, 102 ನಿಮಿಷ. ಪಕ್ಕದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಹಾಗಾಗಿ ನಡುನಡುವೆ ನಿಲ್ಲಿಸಿ ಕಥೆ ಹೇಳಬೇಕಾಯಿತು. 102 ನಿಮಿಷ ಎರಡೂವರೆ ಗಂಟೆ ಆಯಿತು.

ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. 1941ರ ಡಿಸೆಂಬರ್. ಫ್ರೆಂಚರ ಕೈಯಲ್ಲಿದ್ದ ಮೊರಾಕ್ಕೊದ ಊರು ಕಾಸಾಬ್ಲಾಂಕಾ. ಹಿಟ್ಲರ್‌ನಿಂದ ತಪ್ಪಿಸಿಕೊಂಡ ಜನ ಅಲ್ಲಿಂದ ಲಿಸ್ಬನ್‌ಗೆ, ಲಿಸ್ಬನ್‌ನಿಂದ ಅಮೆರಿಕಕ್ಕೆ ಹೋಗಲು ಕಾದು ಕೂತಿದ್ದಾರೆ. ಅಲ್ಲೊಂದು ಕೆಫೆ ಇಟ್ಟುಕೊಂಡಿರುವ ಅಮೆರಿಕನ್ ರಿಕ್. ಹಂಫ್ರಿ ಬೋಗಾರ್ಟ್. ಪ್ಯಾರಿಸ್‌ನಲ್ಲಿ ಇವನನ್ನು ಪ್ರೀತಿಸಿ ಹೇಳದೆ ಕೇಳದೆ ಬಿಟ್ಟು ಹೋದ ಇಲ್ಸಾ ಒಂದು ರಾತ್ರಿ ಅದೇ ಕೆಫೆಗೆ ಬರುತ್ತಾಳೆ, ಗಂಡನ ಜೊತೆ. ಇಂಗ್ರಿಡ್ ಬರ್ಗ್‌ಮನ್. ಗಂಡ ಲಾಸ್ಲೊ ನಾಜಿಗಳ ವಿರುದ್ಧ ಹೋರಾಡುವ ದೊಡ್ಡ ನಾಯಕ. ಊರು ಬಿಡಲು ಬೇಕಾದ ಎರಡು ರಹದಾರಿ ಪತ್ರ ರಿಕ್ ಹತ್ತಿರ ಇವೆ. ಮೂರು ಜನ, ಎರಡು ಚೀಟಿ. ಇಷ್ಟೇ ಕಥೆ.

ಚೆನ್ನಾಗಿಲ್ಲ ಅನ್ನುತ್ತಿಲ್ಲ, ಒಂದು ನಿಮಿಷವೂ ಬೇಜಾರಾಗಲಿಲ್ಲ. ಆದರೆ ಕೊನೆಯ ವಿಮಾನ ನಿಲ್ದಾಣದ ಸೀನ್‌ಗೆ ಎಲ್ಲರಿಗೂ ಅಳು ಬರುತ್ತದಂತೆ, ನನಗೆ ಸಿಟ್ಟು ಬಂತು. ಹಿಂದಿನ ರಾತ್ರಿ ಇಲ್ಸಾ ರಿಕ್‌ಗೆ, ನನಗೆ ಯೋಚಿಸಲು ಆಗುತ್ತಿಲ್ಲ, ಇಬ್ಬರ ಪರವಾಗಿ ನೀನೇ ಯೋಚಿಸು ಅನ್ನುತ್ತಾಳೆ. ಅವನು ಆಗಲಿ ಅನ್ನುತ್ತಾನೆ. ಮರುದಿನ ವಿಮಾನದ ಪಕ್ಕ ನಿಂತುಕೊಂಡು, ಪತ್ರದಲ್ಲಿ ಹೆಸರು ಬರೆಯಿರಿ, ಶ್ರೀ ಮತ್ತು ಶ್ರೀಮತಿ ಲಾಸ್ಲೊ ಅಂತ ಪೊಲೀಸ್ ಅಧಿಕಾರಿಗೆ ಹೇಳುತ್ತಾನೆ. ಅವಳಿಗೆ ಗೊತ್ತಾಗುವುದೇ ಆಗ. ನನ್ನ ಹೆಸರು ಯಾಕೆ ಅಂತ ಕೇಳುತ್ತಾಳೆ ಪಾಪ. ರಿಕ್, ಗಂಡ, ಪೊಲೀಸ್, ಮೂರು ಗಂಡಸರು ಮಂಜಿನಲ್ಲಿ ನಿಂತು ಒಬ್ಬ ಹೆಂಗಸಿನ ಇಡೀ ಬದುಕು ತೀರ್ಮಾನ ಮಾಡಿ ಮುಗಿಸಿದರು. ಇದು ಲೋಕದ ಅತಿ ದೊಡ್ಡ ಪ್ರೇಮಕಥೆಯಾ?

ಎರಡನೇ ತಕರಾರು ಬೋಗಾರ್ಟ್ ಮುಖ. ಸಿನಿಮಾ ಪೂರ್ತಿ ಹಲ್ಲುನೋವು ಬಂದವರ ಥರ ಇದ್ದಾನೆ. ಬರ್ಗ್‌ಮನ್ ಅವನಲ್ಲಿ ಏನು ಕಂಡಳು?

ಅಮ್ಮನ ತೀರ್ಪು ಬೇರೆ. "ಕಟ್ಟಿಕೊಂಡ ಗಂಡ ಬದುಕಿದ್ದಾನೆ, ಒಳ್ಳೆಯವನು ಬೇರೆ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂದು ಸಿಪ್ಪೆ ಎತ್ತಿಕೊಂಡು ಒಳಗೆ ಹೋದಳು.

ಹಳೇರೀಲು:
ಕರಿಮೆಣಸು ಅವರೇ, ಈ ಸಿನಿಮಾದ ಜೊತೆ ನನ್ನದೊಂದು ಹಳೇ ವ್ಯವಹಾರ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲು. ನಮ್ಮ ಕಾಲೇಜಿನಲ್ಲಿ ಫಿಲಂ ಸೊಸೈಟಿ ಅಂತ ಒಂದಿತ್ತು. 16 ಎಂಎಂ ಪ್ರೊಜೆಕ್ಟರ್, ಗೋಡೆಗೆ ಬಿಳಿ ಪಂಚೆ. ರಿಕ್ ಪಿಸ್ತೂಲು ಹಿಡಿದು ಎಲ್ಲರನ್ನೂ ವಿಮಾನ ನಿಲ್ದಾಣಕ್ಕೆ ಹೊರಡಿಸುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಒಂದು ಗಂಟೆ ಕಾದೆವು, ಬರಲಿಲ್ಲ. ರೀಲು ಮರುದಿನ ಬೆಳಿಗ್ಗೆ ವಾಪಸ್ ಕಳಿಸಬೇಕಿತ್ತು. ಹಾಸ್ಟೆಲ್‌ನಲ್ಲಿ ಬೆಳಗಿನ ಜಾವದವರೆಗೆ ಜಗಳ. ಇಲ್ಸಾ ರಿಕ್ ಜೊತೆಗೇ ಉಳಿಯುತ್ತಾಳೆ ಅಂತ ನಾನು ಒಂದು ಪ್ಲೇಟ್ ಬೋಂಡಾ ಪಂಥ ಕಟ್ಟಿದ್ದೆ. ಎರಡು ವರ್ಷ ಹಾಗೇ ನಂಬಿಕೊಂಡಿದ್ದೆ. ಆಮೇಲೆ ಇನ್ನೊಂದು ಊರಲ್ಲಿ ಪೂರ್ತಿ ನೋಡಿದೆ, ಬೋಂಡಾ ಸೋತೆ. ಆದರೆ ಆ ಎರಡು ವರ್ಷದಲ್ಲಿ ನಾನು ಕಟ್ಟಿಕೊಂಡಿದ್ದ ಅಂತ್ಯ ಇತ್ತಲ್ಲ, ಇಬ್ಬರೂ ಕೈ ಹಿಡಿದುಕೊಂಡು ವಿಮಾನ ಹತ್ತುವುದು, ಅದು ಎಷ್ಟು ಸಪ್ಪೆ ಅಂತ ನಿಜವಾದ್ದನ್ನು ನೋಡಿದಾಗಲೇ ಗೊತ್ತಾಗಿದ್ದು.

ಈಗ ನಿಮ್ಮ ತಕರಾರಿಗೆ ಬರುತ್ತೇನೆ. ಪ್ಯಾರಿಸ್ ನೆನಪು ಮಾಡಿಕೊಳ್ಳಿ. ರೈಲ್ವೇ ಸ್ಟೇಷನ್, ಸುರಿಯುವ ಮಳೆ, ರಿಕ್ ಕಾಯುತ್ತಿದ್ದಾನೆ. ಪಿಯಾನೋ ನುಡಿಸುವ ಗೆಳೆಯ ಸ್ಯಾಮ್ ಅವಳ ಚೀಟಿ ತಂದು ಕೊಡುತ್ತಾನೆ. ಬರಲ್ಲ, ಯಾಕೆ ಅಂತ ಕೇಳಬೇಡ. ಮಳೆಗೆ ಅಕ್ಷರ ಕರಗಿ ಇಳಿಯುತ್ತದೆ. ಅವತ್ತು ಅವನನ್ನು ಕೇಳದೆ ಅವನ ಬದುಕು ತೀರ್ಮಾನ ಮಾಡಿದ್ದು ಅವಳು. ಇವತ್ತು ಅವಳನ್ನು ಕೇಳದೆ ಇವನು ಮಾಡಿದ. ಲೆಕ್ಕ ಚುಕ್ತಾ.

ತುಂಗಾತೀರ:
ಬೋಗಾರ್ಟ್ ಮುಖದ ವಿಷಯದಲ್ಲಿ ಕರಿಮೆಣಸು ಪಕ್ಷಕ್ಕೆ ನನ್ನ ಓಟು. ಖಾಲಿ ಉಪ್ಪಿನಕಾಯಿ ಭರಣಿ. ಸಾಲದ್ದಕ್ಕೆ ಬರ್ಗ್‌ಮನ್ ಅವನಿಗಿಂತ ಎತ್ತರ. ಬೂಟಿಗೆ ದಪ್ಪ ಅಟ್ಟೆ ಹಾಕಿಸಿ, ಕೂತಾಗ ಕೆಳಗೆ ದಿಂಬು ಇಟ್ಟು ಶೂಟಿಂಗ್ ಮಾಡಿದರಂತೆ. ಇದು ಗೊತ್ತಾದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಾಗಲೆಲ್ಲ ನನ್ನ ಕಣ್ಣು ದಿಂಬು ಹುಡುಕುತ್ತದೆ, ಪ್ರೇಮ ಎಲ್ಲಿಂದ ಕಾಣಬೇಕು.

ಇನ್ನು ಆ ಗಂಡ ಲಾಸ್ಲೊ. ನಾಜಿ ಶಿಬಿರದಿಂದ ತಪ್ಪಿಸಿಕೊಂಡು ಅರ್ಧ ಯುರೋಪ್ ದಾಟಿ ಬಂದವನ ಸೂಟು ನೋಡಿದಿರಾ? ಇಸ್ತ್ರಿ ಮಾಡಿದ್ದು. ಒಂದು ಕಲೆ ಇಲ್ಲ. ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ನನ್ನ ಅಂಗಿ ಅದಕ್ಕಿಂತ ಜಾಸ್ತಿ ಮಾಸಿರುತ್ತದೆ.

ಕುಡ್ಲದಮಳೆ:
ಸೂಟಿನ ಮಾತು ಸತ್ಯ ಮಾರಾಯ್ರೆ. ನಗು ತಡೆಯಲಾಗಲಿಲ್ಲ.

ಆದರೆ ಅಂತ್ಯದ ಬಗ್ಗೆ ಒಂದು ವಿಷಯ ಯಾರೂ ಹೇಳಲಿಲ್ಲ. ಆಗ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಅಂತ ಇತ್ತು. ಸಿನಿಮಾ ಹೊರಗೆ ಬರುವ ಮೊದಲು ಜೋಸೆಫ್ ಬ್ರೀನ್ ಅನ್ನುವವರ ಕಚೇರಿ ಸ್ಕ್ರಿಪ್ಟ್ ಓದಿ, ಇದು ಬೇಡ ಅದು ಬೇಡ ಅಂತ ಬರೆದು ಕಳಿಸುತ್ತಿತ್ತು. ಮದುವೆಯಾದ ಹೆಂಗಸು ಬದುಕಿರುವ ಗಂಡನನ್ನು ಬಿಟ್ಟು ಪ್ರಿಯಕರನ ಜೊತೆ ಸುಖವಾಗಿ ಹೊರಟುಹೋದಳು ಅಂತ ತೋರಿಸಲು ಸಾಧ್ಯವೇ ಇರಲಿಲ್ಲ. ಪ್ಯಾರಿಸ್‌ನಲ್ಲಿ ಅವಳು ರಿಕ್‌ನನ್ನು ಪ್ರೀತಿಸುವಾಗ ಗಂಡ ಸತ್ತಿದ್ದಾನೆ ಅಂತ ತಿಳಿದಿದ್ದಳು ಅನ್ನುವುದೂ ಅದಕ್ಕೇ ಅನುಕೂಲ. ಅವಳು ಪಿಸ್ತೂಲು ತೋರಿಸಿ, ಅಳುತ್ತಾ ರಿಕ್ ತೋಳಿಗೆ ಬೀಳುವ ರಾತ್ರಿ ನೆನಪಿದೆಯಲ್ಲ? ಅಲ್ಲಿ ಕಟ್ ಮಾಡಿ ವಿಮಾನ ನಿಲ್ದಾಣದ ದೀಪದ ಗೋಪುರ ತೋರಿಸುತ್ತಾರೆ. ಮತ್ತೆ ರೂಮಿಗೆ ಬಂದಾಗ ರಿಕ್ ಕಿಟಕಿ ಹತ್ತಿರ ನಿಂತು ಸಿಗರೇಟು ಸೇದುತ್ತಿದ್ದಾನೆ. ನಡುವೆ ಏನಾಯಿತು? ನೋಡುವವರು ತಿಳಿದುಕೊಳ್ಳಬೇಕು, ಬ್ರೀನ್ ಕಚೇರಿಗೆ ತಿಳಿಯಬಾರದು.

ಹಾಗಾಗಿ ಇಲ್ಸಾಳನ್ನು ಕೇಳದವರ ಪಟ್ಟಿಯಲ್ಲಿ ರಿಕ್ ಮೂರನೆಯವನೋ ನಾಲ್ಕನೆಯವನೋ. ಮೊದಲು ಕೇಳದಿದ್ದದ್ದು ಬ್ರೀನ್ ಕಚೇರಿ.

ಮಂಡಕ್ಕಿಚೀಲ:
ಯಾವ ಆ್ಯಪ್‌ನಲ್ಲಿ ಸಿಗುತ್ತದೆ ಇದು? ಕನ್ನಡ ಸಬ್‌ಟೈಟಲ್ ಇದೆಯಾ?

ಕರಿಮೆಣಸು:
ಮಂಡಕ್ಕಿಚೀಲ, ನಾನು ಬಾಡಿಗೆಗೆ ತೆಗೆದುಕೊಂಡು ನೋಡಿದೆ. ಇಂಗ್ಲಿಷ್ ಸಬ್‌ಟೈಟಲ್ ಮಾತ್ರ. ಕನ್ನಡ ಸಬ್‌ಟೈಟಲ್ ನಾನೇ, ಅಮ್ಮನಿಗೆ.

ಹಳೇರೀಲು ಸರ್, ಲೆಕ್ಕ ಚುಕ್ತಾ ಅನ್ನುವ ಮಾತು ಎರಡು ಸಲ ಓದಿದೆ. ಹೊಳೆದಿರಲಿಲ್ಲ ನನಗೆ, ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ. ಪ್ಯಾರಿಸ್‌ನಲ್ಲಿ ಅವಳು ಬಾಯಿ ಬಿಟ್ಟಿದ್ದರೆ ಇವನು ಊರು ಬಿಡುತ್ತಿರಲಿಲ್ಲ, ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಕ್ಕುತ್ತಿದ್ದ. ಹೇಳದೇ ಇದ್ದದ್ದು ಅವನ ಜೀವ ಉಳಿಸಲು. ಇವನಿಗೆ ಅಂಥ ತುರ್ತು ಏನಿತ್ತು? ಹಿಂದಿನ ರಾತ್ರಿ ಪೂರ್ತಿ ಇತ್ತಲ್ಲ, ಕೂರಿಸಿಕೊಂಡು ಹೇಳಬಹುದಿತ್ತು. ಸೇಡು ಮತ್ತು ತ್ಯಾಗ ಎರಡೂ ಒಂದೇ ಅಂಗಿ ಹಾಕಿಕೊಂಡು ಬಂದರೆ ನಾನು ಏನಂತ ಕರೆಯಲಿ?

ಇನ್ನೊಂದು ಓದಿದೆ. ಅಂತ್ಯ ಏನು ಅಂತ ಶೂಟಿಂಗ್ ನಡೆಯುವಾಗ ಯಾರಿಗೂ ಗೊತ್ತಿರಲಿಲ್ಲವಂತೆ. ನಾನು ಇಬ್ಬರಲ್ಲಿ ಯಾರನ್ನು ಪ್ರೀತಿಸುತ್ತೇನೆ ಅಂತ ಬರ್ಗ್‌ಮನ್ ಕೇಳಿದರೆ, ಸದ್ಯಕ್ಕೆ ನಡುವೆ ಎಲ್ಲೋ ಇಟ್ಟುಕೊಂಡು ನಟಿಸು ಅಂದರಂತೆ ನಿರ್ದೇಶಕರು. ಇದು ನಿಜವಾ?

ಕುಡ್ಲದಮಳೆ:
ಅರ್ಧ ನಿಜ. ಅವಳು ಕೇಳಿದ್ದು, ನಡುವೆ ನಟಿಸು ಅಂದದ್ದು, ಅದನ್ನು ಬರ್ಗ್‌ಮನ್ನೇ ಮುಂದೆ ಹೇಳಿಕೊಂಡಿದ್ದಾಳೆ. ಸ್ಕ್ರಿಪ್ಟ್ ದಿನದಿನಕ್ಕೆ ಬದಲಾಗುತ್ತಿದ್ದದ್ದೂ ಹೌದು. ಎಪ್‌ಸ್ಟೀನ್ ಅವಳಿ ಅಣ್ಣತಮ್ಮಂದಿರು ಒಂದು ಕಡೆ, ಹೋವರ್ಡ್ ಕಾಕ್ ಇನ್ನೊಂದು ಕಡೆ, ತೆರೆಯ ಮೇಲೆ ಹೆಸರೇ ಇಲ್ಲದ ಕೇಸಿ ರಾಬಿನ್ಸನ್ ಮತ್ತೊಂದು ಕಡೆ. ಆದರೆ ಅಂತ್ಯ ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಹಾಲಿವುಡ್‌ನ ಅಜ್ಜಿಕಥೆ. ಸಿನಿಮಾಕ್ಕೆ ಮೂಲ ಒಂದು ನಾಟಕ, ರಂಗದ ಮೇಲೆ ಬಂದೇ ಇರಲಿಲ್ಲ, ವಾರ್ನರ್ ಕಂಪನಿ 20,000 ಡಾಲರ್‌ಗೆ ಕೊಂಡಿತ್ತು. ಮರ್ರೆ ಬರ್ನೆಟ್ ಮತ್ತು ಜೋನ್ ಆಲಿಸನ್ ಬರೆದದ್ದು. ಆ ನಾಟಕದಲ್ಲೂ ಕೊನೆಗೆ ಅವಳನ್ನು ಲಾಸ್ಲೊ ಜೊತೆಗೇ ಕಳಿಸುತ್ತಾನೆ. ಕಳಿಸುವುದು ಹೇಗೆ, ಜನ ನಂಬುವ ಹಾಗೆ ಏನು ಮಾತು ಆಡಿಸುವುದು, ಅದಕ್ಕೆ ತಲೆ ಕೆಡಿಸಿಕೊಂಡರು ಅಷ್ಟೇ.

ಕೊನೆಯ ಸಾಲು, ಪೊಲೀಸ್ ಅಧಿಕಾರಿ ಜೊತೆ ನಡೆದುಕೊಂಡು ಹೋಗುತ್ತಾ ಸ್ನೇಹದ ಬಗ್ಗೆ ರಿಕ್ ಹೇಳುವ ಮಾತು, ಅದು ಮಾತ್ರ ಶೂಟಿಂಗ್ ಮುಗಿದ ಮೇಲೆ ಬಂದದ್ದು. ನಿರ್ಮಾಪಕ ಹ್ಯಾಲ್ ವಾಲಿಸ್ ಬರೆದು ಕೊಟ್ಟರು, ಬೋಗಾರ್ಟ್ ಬಂದು ಡಬ್ಬಿಂಗ್ ಮಾಡಿ ಹೋದ. ಮುಖ ಕಾಣದ ಹಾಗೆ ಹಿಂದಿನಿಂದ ತೋರಿಸಿದ್ದಾರೆ, ಹಾಗಾಗಿ ತುಟಿ ಹೊಂದಿಸುವ ತಾಪತ್ರಯವೂ ಇಲ್ಲ.

ತುಂಗಾತೀರ:
ಅಂದರೆ ಭರಣಿ ಮುಖ ಕಾಣದಿದ್ದಾಗ ಹೇಳಿದ ಮಾತೇ ಜಗತ್ಪ್ರಸಿದ್ಧ ಆಯಿತು. ನನ್ನ ವಾದಕ್ಕೆ ಬಲ ಬಂತು.

ಹಳೇರೀಲು:
ತುಂಗಾತೀರ, ನಿಮಗೆ ತಮಾಷೆ. ಆ ಮುಖವನ್ನು ಇನ್ನೊಂದು ಸಲ ನೋಡಿ, ದಯವಿಟ್ಟು.

ಮೊದಲ ಶಾಟ್‌ನಲ್ಲಿ ಮುಖವೇ ಇಲ್ಲ. ನಮ್ಮಲ್ಲಿ ಹೀರೋ ಎಂಟ್ರಿಗೆ ಮೊದಲು ಬೂಟುಕಾಲು ತೋರಿಸುತ್ತಾರೆ, ಇಲ್ಲಿ ಕೈ. ಒಂದು ಚೀಟಿಯ ಮೇಲೆ ಓಕೆ ಅಂತ ಬರೆದು ರಿಕ್ ಅಂತ ಸಹಿ ಹಾಕುತ್ತದೆ. ಆಮೇಲೆ ಚೆಸ್ ಮಣೆ, ಸಿಗರೇಟು, ಆಮೇಲೆ ಮುಖ. ಒಬ್ಬನೇ ಚೆಸ್ ಆಡುತ್ತಿದ್ದಾನೆ. ಬೋಗಾರ್ಟ್ ನಿಜಕ್ಕೂ ಚೆಸ್ ಹುಚ್ಚ, ಅಂಚೆಯಲ್ಲೂ ಆಡುತ್ತಿದ್ದ. ಅವನಿಗೆ ಆಗ 42 ವರ್ಷ. ಅಲ್ಲಿಯವರೆಗೆ ಜಾಸ್ತಿ ಮಾಡಿದ್ದು ರೌಡಿ ಪಾತ್ರ, ಕೊನೆಯಲ್ಲಿ ಗುಂಡು ತಿಂದು ಸಾಯುವವನು. ಇಂಥವನನ್ನು ಪ್ರೇಮಿ ಮಾಡಿದ್ದೇ ದೊಡ್ಡ ಧೈರ್ಯ. ಇಲ್ಸಾ ಸ್ಯಾಮ್ ಕೈಯಲ್ಲಿ ಆ ಹಾಡು ಹಾಡಿಸಿದಾಗ ರಿಕ್ ಬಾಗಿಲು ತಳ್ಳಿಕೊಂಡು ಬಂದು ಅವಳನ್ನು ನೋಡುತ್ತಾನಲ್ಲ, ಅಲ್ಲಿ ಅವನು ಏನೂ ಮಾಡುವುದಿಲ್ಲ. ಹುಬ್ಬು ಕೂಡ ಏರಿಸುವುದಿಲ್ಲ. ಸುಮ್ನೆ ನಿಲ್ಲುತ್ತಾನೆ. ನಮ್ಮ ಕಡೆ ಗಂಡಸರು ಸಾವಿನ ಮನೆಯಲ್ಲಿ ಕಂಬಕ್ಕೆ ಒರಗಿ ನಿಲ್ಲುತ್ತಾರಲ್ಲ, ಹಾಗೆ.

ಬರ್ಗ್‌ಮನ್ ಮುಖದ್ದು ಬೇರೆ ವಿದ್ಯೆ. ಕ್ಯಾಮೆರಾಮನ್ ಆರ್ಥರ್ ಎಡಿಸನ್ ಹೆಚ್ಚಾಗಿ ಅವಳ ಎಡಗೆನ್ನೆಯ ಕಡೆಯಿಂದಲೇ ತೆಗೆದಿದ್ದಾರೆ, ತೆಳು ಫಿಲ್ಟರ್ ಹಾಕಿ, ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಬೀಳುವ ಹಾಗೆ ದೀಪ ಇಟ್ಟು. ಹಾಡು ಕೇಳುತ್ತಾ ಕೂತಾಗ ಅವಳ ಕಣ್ಣು ತುಂಬುವುದಿಲ್ಲ, ತುಂಬಿದ ಹಾಗೆ ಹೊಳೆಯುತ್ತದೆ. ಅದನ್ನು ನೋಡುತ್ತಾ ನೋಡುವವರ ಕಣ್ಣು ತುಂಬುತ್ತದೆ.

ಶ್ರುತಿಪೆಟ್ಟಿಗೆ:
ಹಾಡಿನ ವಿಷಯ ಬಂತಲ್ಲ, ಇನ್ನು ಸುಮ್ಮನಿರಲು ಆಗಲ್ಲ.

ಆ್ಯಸ್ ಟೈಮ್ ಗೋಸ್ ಬೈ ಈ ಸಿನಿಮಾಕ್ಕೆ ಬರೆದ ಹಾಡೇ ಅಲ್ಲ. ಹರ್ಮನ್ ಹಪ್‌ಫೆಲ್ಡ್ 1931ರಲ್ಲಿ ಬರೆದದ್ದು. ನಾಟಕ ಬರೆದ ಬರ್ನೆಟ್‌ಗೆ ಇಷ್ಟ ಅಂತ ನಾಟಕದೊಳಗೆ ಬಂತು, ಅಲ್ಲಿಂದ ಸಿನಿಮಾಕ್ಕೆ. ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೆ ಇದು ಹಿಡಿಸಲಿಲ್ಲ, ತಾನೇ ಒಂದು ಹಾಡು ಮಾಡಿ ಹಾಕುತ್ತೇನೆ ಅಂದರು. ಆದರೆ ಹಾಗೆ ಮಾಡಿದರೆ ಕೆಲವು ಸೀನ್ ಮತ್ತೆ ತೆಗೆಯಬೇಕು. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಸಿನಿಮಾಕ್ಕೆ ತಲೆಕೂದಲು ಮೋಟು ಕತ್ತರಿಸಿಕೊಂಡು ಆಗಿತ್ತು. ಕೂದಲಿನಿಂದ ಉಳಿದ ಹಾಡು! ಸ್ಟೈನರ್ ಮನಸ್ಸಿಲ್ಲದೆ ಒಪ್ಪಿಕೊಂಡವರು ಆಮೇಲೆ ಅದೇ ರಾಗವನ್ನು ಸಿನಿಮಾ ಉದ್ದಕ್ಕೂ ಎಳೆದಿದ್ದಾರೆ, ಪ್ಯಾರಿಸ್‌ನಲ್ಲಿ ಸಿಹಿಯಾಗಿ, ಕೆಫೆಯಲ್ಲಿ ಕಹಿಯಾಗಿ, ಮಂಜಿನಲ್ಲಿ ಒಡೆದು ಚೂರಾಗಿ. ಕಿವಿ ಕೊಟ್ಟು ಕೇಳಿ.

ಸ್ಯಾಮ್ ಪಾತ್ರದ ಡೂಲಿ ವಿಲ್ಸನ್‌ಗೆ ಪಿಯಾನೋ ಬರುತ್ತಿರಲಿಲ್ಲ. ಆತ ಡ್ರಮ್ಸ್ ನುಡಿಸುವವರು, ಹಾಡುವವರು. ಪಿಯಾನೋ ನುಡಿಸಿದ್ದು ಎಲಿಯಟ್ ಕಾರ್ಪೆಂಟರ್, ಕ್ಯಾಮೆರಾಕ್ಕೆ ಕಾಣದ ಕಡೆ ಕೂತು. ವಿಲ್ಸನ್ ಅವರ ಕೈ ನೋಡಿಕೊಂಡು ಬೆರಳು ಆಡಿಸಿದ್ದಾರೆ. ಇನ್ನೊಂದು ಸಲ ನುಡಿಸು ಸ್ಯಾಮ್ ಅಂತ ಲೋಕವೆಲ್ಲ ಹೇಳುವ ಡೈಲಾಗ್ ಇದೆಯಲ್ಲ, ಆ ಮಾತುಗಳಲ್ಲಿ ಸಿನಿಮಾದೊಳಗೆ ಯಾರೂ ಹೇಳಲ್ಲ. ಇಲ್ಸಾ ಕೇಳುತ್ತಾಳೆ, ರಿಕ್ ಕೇಳುತ್ತಾನೆ, ಇನ್ನೊಂದು ಸಲ ಅನ್ನುವ ಪದ ಇಬ್ಬರ ಬಾಯಲ್ಲೂ ಇಲ್ಲ.

ಸ್ಟಾಂಪಿಂಗ್‌ಬಾಕಿ:
ನೀವೆಲ್ಲ ಪ್ರೇಮ ಪ್ರೇಮ ಅನ್ನುತ್ತಿದ್ದೀರಿ. ನಾನು ಈ ಸಿನಿಮಾ ನೋಡಿದ್ದು ಕಳೆದ ವರ್ಷ, ಊರಿಗೆ ಬಂದವನು ವೀಸಾ ಸ್ಟಾಂಪಿಂಗ್ ಆಗದೆ ವಾಪಸ್ ಹೋಗಲಾಗದೆ ನಾಲ್ಕು ತಿಂಗಳು ಅಪ್ಪನ ಮನೆಯಲ್ಲಿ ಕೂತಿದ್ದಾಗ. ಬಾಡಿಗೆ ಮನೆ ಅಲ್ಲಿ, ಕಾರಿನ ಕಂತು ಅಲ್ಲಿ, ನಾನು ಇಲ್ಲಿ. ಸಿನಿಮಾ ಶುರುವಿನಲ್ಲೇ ಹಿನ್ನೆಲೆಯ ದನಿ, ಜನ ಕಾಸಾಬ್ಲಾಂಕಾದಲ್ಲಿ ಕಾಯುತ್ತಾರೆ, ಕಾಯುತ್ತಾರೆ, ಕಾಯುತ್ತಲೇ ಇರುತ್ತಾರೆ ಅನ್ನುತ್ತದಲ್ಲ, ನನಗೆ ಅಲ್ಲೇ ಎದೆ ಹಿಂಡಿತು. ರಿಕ್ ಇಲ್ಸಾ ಯಾರ ಜೊತೆ ಹೋದರೆ ನನಗೇನು, ಆ ಪತ್ರಕ್ಕೆ ಸಹಿ ಆಯಿತಾ ಇಲ್ಲವಾ ಅಂತಲೇ ನೋಡುತ್ತಿದ್ದೆ.

ಅರಳೀಕಟ್ಟೆ:
ಸ್ಟಾಂಪಿಂಗ್‌ಬಾಕಿ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಹೋಲಿಕೆ ಸ್ವಲ್ಪ ದೂರ ಹೋಯಿತು. ನಿಮಗೆ ಕೂರಲು ಅಪ್ಪನ ಮನೆ ಇತ್ತು. ಅವರಿಗೆ ವಾಪಸ್ ಹೋದರೆ ಸಾವು.

ಸ್ಟಾಂಪಿಂಗ್‌ಬಾಕಿ:
ಸರಿ, ಒಪ್ಪಿದೆ. ಬರೆದು ಕಳಿಸಿದ ಮೇಲೆ ನನಗೂ ಹಾಗೇ ಅನಿಸಿತು. ಅಳಿಸಲ್ಲ, ಇರಲಿ.

ಆದರೆ ಆ ಕಾರಣಕ್ಕೇ ಹುಡುಕಿ ಓದಿದ್ದು ಹೇಳುತ್ತೇನೆ. ಕೆಫೆಯಲ್ಲಿ ರಿಕ್ ಹಿಂದೆ ಸುತ್ತಿ ಬೈಸಿಕೊಳ್ಳುವ ಹುಡುಗಿ ಇವೋನ್. ಮಾಡಿದ್ದು ಮ್ಯಾಡ್ಲೀನ್ ಲೆಬೋ, ಫ್ರೆಂಚ್ ನಟಿ. ಜೂಜಿನ ಮೇಜಿನ ಹತ್ತಿರ ರೂಲೆಟ್ ಚಕ್ರ ತಿರುಗಿಸುವವನು ಎಮಿಲ್. ಮಾಡಿದ್ದು ಮಾರ್ಸೆಲ್ ದಾಲಿಯೋ, ಫ್ರಾನ್ಸ್‌ನಲ್ಲಿ ದೊಡ್ಡ ನಟ, ಯಹೂದಿ. ಇಬ್ಬರೂ ನಿಜಕ್ಕೂ ಗಂಡ ಹೆಂಡತಿ. 1940ರಲ್ಲಿ ಜರ್ಮನ್ ಸೈನ್ಯ ಬರುವ ಮುಂಚೆ ಪ್ಯಾರಿಸ್ ಬಿಟ್ಟು ಲಿಸ್ಬನ್ ಸೇರಿದರು. ಚಿಲಿ ದೇಶದ ವೀಸಾ ಗಿಟ್ಟಿಸಿ ಹಡಗು ಹತ್ತಿದರು. ಮೆಕ್ಸಿಕೊದಲ್ಲಿ ಹಡಗು ನಿಂತಾಗ ಆ ವೀಸಾ ನಕಲಿ ಅಂತ ಗೊತ್ತಾಯಿತು. ಕೊನೆಗೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ಹಿಡಿದು ಅಮೆರಿಕ ಸೇರಿದರು. ಅಲ್ಲಿ ಪ್ಯಾರಿಸ್‌ನಲ್ಲಿ ನಾಜಿಗಳು ಯಹೂದಿಯ ಮುಖ ಹೀಗಿರುತ್ತದೆ ಅಂತ ಪೋಸ್ಟರ್ ಅಂಟಿಸಿದ್ದರು, ಅದರಲ್ಲಿದ್ದದ್ದು ದಾಲಿಯೋ ಫೋಟೋ. ಅಷ್ಟೆಲ್ಲ ದಾಟಿ ಬಂದವರು ಇದೇ ಸಿನಿಮಾದ ಶೂಟಿಂಗ್ ನಡೆಯುವಾಗ ವಿಚ್ಛೇದನಕ್ಕೆ ಹೋದರು.

ನಾಜಿ ಮೇಜರ್ ಸ್ಟ್ರಾಸರ್ ಮಾಡಿದ ಕಾನ್ರಾಡ್ ಫೈಟ್, ಜರ್ಮನಿಯ ದೊಡ್ಡ ನಟ, ಹೆಂಡತಿ ಯಹೂದಿ, 1933ರಲ್ಲೇ ದೇಶ ಬಿಟ್ಟವರು. ಸಿನಿಮಾ ಬಿಡುಗಡೆಯಾದ ಕೆಲವೇ ತಿಂಗಳಿಗೆ, 1943ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹೆಂಡತಿಯನ್ನು ಅಮೆರಿಕಕ್ಕೆ ದಾಟಿಸಲು ಜೂಜಾಡುವ ಬಲ್ಗೇರಿಯಾದ ಹುಡುಗ ಇದ್ದಾನಲ್ಲ, ಹೆಲ್ಮುಟ್ ಡಾಂಟೈನ್, ಆತ ಆಸ್ಟ್ರಿಯಾದಲ್ಲಿ ನಾಜಿಗಳ ಶಿಬಿರದಲ್ಲಿ ಇದ್ದು ಬಂದವನು. ಎದುರಿಗೆ ಅವನ ಹೆಂಡತಿಯಾಗಿ ನಟಿಸಿದವಳು ಸ್ಟುಡಿಯೋ ಧಣಿ ಜಾಕ್ ವಾರ್ನರ್‌ನ ಮಲಮಗಳು. ತೆರೆಯ ಮೇಲೆ ಹೆಸರು ಬರುವ ನಟರಲ್ಲಿ ಅಮೆರಿಕದಲ್ಲೇ ಹುಟ್ಟಿದವರು ಮೂರೇ ಜನ: ಬೋಗಾರ್ಟ್, ವಿಲ್ಸನ್, ಈ ಹುಡುಗಿ.

ಈಗ ಫ್ರೆಂಚ್ ರಾಷ್ಟ್ರಗೀತೆಯ ಸೀನ್ ಮತ್ತೆ ನೋಡಿ. ಜರ್ಮನ್ನರು ಪಿಯಾನೋ ಸುತ್ತ ನಿಂತು ತಮ್ಮ ಹಾಡು ಹಾಡುತ್ತಾರೆ. ಲಾಸ್ಲೊ ಬ್ಯಾಂಡ್‌ನವರ ಹತ್ತಿರ ಹೋಗಿ ಲಾ ಮಾರ್ಸೆಯೇಸ್ ನುಡಿಸಿ ಅನ್ನುತ್ತಾನೆ. ಅವರು ರಿಕ್ ಕಡೆ ನೋಡುತ್ತಾರೆ. ರಿಕ್ ಬರೀ ತಲೆ ಆಡಿಸುತ್ತಾನೆ. ಆಮೇಲೆ ಕೆಫೆಗೆ ಕೆಫೆಯೇ ಎದ್ದು ಹಾಡುತ್ತದೆ. ಲೆಬೋ ಕಣ್ಣೀರು ಸುರಿಸುತ್ತಾ ಹಾಡುತ್ತಾಳೆ. 1942ರ ಬೇಸಿಗೆ. ಪ್ಯಾರಿಸ್ ಇನ್ನೂ ಜರ್ಮನ್ನರ ಕೈಯಲ್ಲೇ ಇದೆ. ಅವಳಿಗೆ ಗ್ಲಿಸರಿನ್ ಬೇಕಾಗಿತ್ತಾ?

ಕರಿಮೆಣಸು:
ಈಗಷ್ಟೇ ಆ ಸೀನ್ ಮತ್ತೆ ಹಾಕಿ ನೋಡಿದೆ. ಅಮ್ಮನನ್ನೂ ಕರೆದು, ಈ ಹುಡುಗಿ ನಿಜವಾಗಿ ಓಡಿ ಬಂದವಳು ಅಂತ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಇನ್ನೊಂದು ಸಲ ಹಾಕು ಅಂದಳು.

ಆ ಸೀನ್‌ನಲ್ಲಿ ಬರ್ಗ್‌ಮನ್ ಹಾಡುತ್ತಿಲ್ಲ ಅಂತ ಎರಡನೇ ಸಲಕ್ಕೆ ಕಂಡಿತು. ಕೂತೇ ಇದ್ದಾಳೆ. ಮೊದಲು ಹೆದರಿಕೆ, ಆಮೇಲೆ ಗಂಡನನ್ನು ನೋಡುವ ನೋಟ ಬದಲಾಗುತ್ತದೆ. ಅದು ಹೆಮ್ಮೆ. ಈ ಮನುಷ್ಯನನ್ನು ಬಿಟ್ಟು ಹೋಗಲು ನನ್ನಿಂದ ಆಗಲ್ಲ ಅಂತ ಅವಳಿಗೆ ಅಲ್ಲೇ ಗೊತ್ತಾಯಿತೇನೋ. ಹಾಗಿದ್ದರೆ ಅವಳ ತೀರ್ಮಾನ ಆಗಲೇ ಆಗಿತ್ತು, ಅದನ್ನು ಅವಳ ಬಾಯಲ್ಲಿ ಹೇಳಿಸುವಷ್ಟು ವ್ಯವಧಾನ ಬರೆದವರಿಗೆ ಇರಲಿಲ್ಲ. ನನ್ನ ಸಿಟ್ಟು ರಿಕ್ ಮೇಲಿಂದ ಬರೆದವರ ಮೇಲೆ ಹೋಯಿತು ನೋಡಿ.

ಅರಳೀಕಟ್ಟೆ:
ಎಲ್ಲ ಸರಿ. ಒಂದು ಪ್ರಶ್ನೆ ನನ್ನದೂ ಇರಲಿ. ಸಿನಿಮಾ ಹೆಸರು ಕಾಸಾಬ್ಲಾಂಕಾ. ಮೊರಾಕ್ಕೊ ದೇಶದ ಊರು. ಆ ಊರಿನವರು ಸಿನಿಮಾದಲ್ಲಿ ಎಷ್ಟು ಮಾತಾಡುತ್ತಾರೆ? ಮಾರುಕಟ್ಟೆಯಲ್ಲಿ ಬಟ್ಟೆ ಮಾರುವವನಿಗೆ ಎರಡು ಮಾತು, ಬಾಗಿಲು ಕಾಯುವವನು, ಮುಗಿಯಿತು. ಫ್ರೆಂಚರು ಸ್ವಾತಂತ್ರ್ಯದ ಹಾಡು ಹಾಡುತ್ತಾ ಅಳುವ ಆ ಕೆಫೆ ಇರುವುದು ಫ್ರೆಂಚರು ಆಳುತ್ತಿರುವ ಇನ್ನೊಬ್ಬರ ನೆಲದ ಮೇಲೆ. ಇದು ಸಿನಿಮಾಕ್ಕೆ ಒಮ್ಮೆಯೂ ಹೊಳೆಯುವುದಿಲ್ಲ. ನೋಡುವ ನಮಗಾದರೂ ಹೊಳೆಯಬೇಕಲ್ವಾ? 1942ರಲ್ಲಿ ನಾವೂ ಯಾರದೋ ಆಳ್ವಿಕೆಯಲ್ಲೇ ಇದ್ದೆವು.

ಆ ಪೊಲೀಸ್ ಅಧಿಕಾರಿ ರೆನೊ. ಕ್ಲಾಡ್ ರೇನ್ಸ್ ಎಂಥಾ ನಟ, ಪ್ರತಿ ಮಾತಿಗೂ ನಗು ಬರುತ್ತದೆ. ಆದರೆ ವೀಸಾ ಬೇಕು ಅಂತ ಬಂದ ಹೆಂಗಸರನ್ನು ಅವನು ಬಳಸಿಕೊಳ್ಳುತ್ತಾನೆ. ಬಲ್ಗೇರಿಯಾದ ಹುಡುಗಿ ಅಳುತ್ತಾ ರಿಕ್ ಹತ್ತಿರ ಬರುವುದು ಅದಕ್ಕೇ. ಸಿನಿಮಾ ಅದನ್ನು ರಸಿಕತನ ಅಂತ ತೋರಿಸಿ, ಕೊನೆಗೆ ಅದೇ ಮನುಷ್ಯನನ್ನು ಹೀರೋಗೆ ಗೆಳೆಯನನ್ನಾಗಿ ಕೊಡುತ್ತದೆ. ನನಗೆ ನುಂಗಲು ಆಗಲಿಲ್ಲ.

ಹಳೇರೀಲು:
ರೆನೊ ಬಗ್ಗೆ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಲವತ್ತು ವರ್ಷ ಅವನ ಮಾತಿಗೆ ನಕ್ಕಿದ್ದೇನೆ. ಹೋದ ವರ್ಷ ಮಗಳ ಜೊತೆ ಕೂತು ನೋಡುವಾಗ ನಗು ಅರ್ಧಕ್ಕೆ ನಿಂತಿತು, ಅಷ್ಟು ಹೇಳಬಲ್ಲೆ.

ಊರಿನ ವಿಷಯ ಇನ್ನೂ ಇದೆ. ಇವರು ಯಾರೂ ಆ ಊರಿಗೆ ಹೋಗೇ ಇಲ್ಲ. ಹೆಚ್ಚುಕಡಿಮೆ ಎಲ್ಲ ಕ್ಯಾಲಿಫೋರ್ನಿಯಾದ ಸ್ಟುಡಿಯೋ ಒಳಗೆ. ಕೊನೆಯ ಸೀನ್‌ನ ವಿಮಾನ ರಟ್ಟು ಮರದಲ್ಲಿ ಮಾಡಿದ ಚಿಕ್ಕ ಬೊಂಬೆ. ಅದು ದೊಡ್ಡದಾಗಿ ಕಾಣಲಿ ಅಂತ ಸುತ್ತಮುತ್ತ ಮೆಕ್ಯಾನಿಕ್‌ಗಳಾಗಿ ಕುಳ್ಳರನ್ನು ನಿಲ್ಲಿಸಿದರು. ರಟ್ಟು ಅಂತ ಗೊತ್ತಾಗದಿರಲಿ ಅಂತ ಮಂಜು ಬಿಟ್ಟರು. ಲೋಕ ಅತ್ತ ಮಂಜು ಅದು.

ಹೊರಗೆ ಬಂದ ಸಮಯವೂ ಹಾಗೇ ಕೂಡಿಬಂತು. 1942ರ ನವೆಂಬರ್ 8ಕ್ಕೆ ಅಮೆರಿಕ, ಬ್ರಿಟನ್ ಸೈನ್ಯ ಉತ್ತರ ಆಫ್ರಿಕಾದಲ್ಲಿ ಇಳಿಯಿತು, ಪೇಪರ್ ತುಂಬ ಕಾಸಾಬ್ಲಾಂಕಾ ಹೆಸರು. 26ಕ್ಕೆ ನ್ಯೂಯಾರ್ಕ್‌ನಲ್ಲಿ ಸಿನಿಮಾ ಬಿಟ್ಟರು. ಜನವರಿಯಲ್ಲಿ ಎಲ್ಲ ಕಡೆ ಬಿಡುವ ಹೊತ್ತಿಗೆ ರೂಸ್‌ವೆಲ್ಟ್, ಚರ್ಚಿಲ್ ಅದೇ ಊರಿನಲ್ಲಿ ಸಭೆ ಸೇರಿದ್ದರು. ಮುಂದೆ ಚಿತ್ರ, ನಿರ್ದೇಶನ, ಚಿತ್ರಕಥೆ, ಮೂರಕ್ಕೂ ಆಸ್ಕರ್. ಬೋಗಾರ್ಟ್‌ಗೆ ಸಿಗಲಿಲ್ಲ. (ತುಂಗಾತೀರ, ನೀವು ಏನೂ ಹೇಳಬೇಕಿಲ್ಲ.)

ಯುದ್ಧ ಮುಗಿದ ಮೇಲೆ, 1952ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಿಡುವಾಗ ಸುಮಾರು 25 ನಿಮಿಷ ಕತ್ತರಿಸಿ ನಾಜಿಗಳನ್ನೇ ತೆಗೆದುಹಾಕಿದರು! ಲಾಸ್ಲೊ ನಾರ್ವೆಯ ವಿಜ್ಞಾನಿಯಾದ. 1975ರವರೆಗೆ ಅಲ್ಲಿಯ ಜನ ಪೂರ್ತಿ ಸಿನಿಮಾ ನೋಡಲಿಲ್ಲ. ನನಗೆ ಕರೆಂಟ್ ಹೋಗಿ ಎರಡು ವರ್ಷ, ಅವರಿಗೆ ಇಪ್ಪತ್ತಮೂರು.

ಕುಡ್ಲದಮಳೆ:
ಕರಿಮೆಣಸು ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಇನ್ನೊಂದು ಸೇರಿಸುತ್ತೇನೆ. ತೆರೆಯ ಮೇಲೆ ಗಂಡನನ್ನು ಬಿಡಲು ಬಿಡದಿದ್ದ ಬರ್ಗ್‌ಮನ್ ಏಳೆಂಟು ವರ್ಷದಲ್ಲಿ ನಿಜವಾಗಿಯೂ ಬಿಟ್ಟಳು. ಇಟಲಿಯ ನಿರ್ದೇಶಕ ರೊಸ್ಸೆಲ್ಲಿನಿ ಜೊತೆ ಹೋದಳು, ಮದುವೆಗೆ ಮುಂಚೆಯೇ ಮಗು. ಅಮೆರಿಕ ಉರಿದುಬಿದ್ದಿತು. 1950ರ ಮಾರ್ಚ್‌ನಲ್ಲಿ ಒಬ್ಬ ಸೆನೆಟರ್ ಸಂಸತ್ತಿನಲ್ಲೇ ನಿಂತು ಅವಳನ್ನು ಬೈದ. ವರ್ಷಗಟ್ಟಲೆ ಹಾಲಿವುಡ್‌ನಿಂದ ದೂರ ಇದ್ದಳು. ಆಮೇಲೆ ರೊಸ್ಸೆಲ್ಲಿನಿ ಸಿನಿಮಾ ಮಾಡಲು ಭಾರತಕ್ಕೆ ಬಂದು, ಇಲ್ಲಿ ಮದುವೆಯಾಗಿದ್ದ ಸೋನಾಲಿ ದಾಸ್‌ಗುಪ್ತಾ ಜೊತೆ ಸಂಬಂಧ ಬೆಳೆಸಿದ, 1957ರಲ್ಲಿ ಇಲ್ಲಿಯ ಪೇಪರ್‌ಗಳಿಗೆಲ್ಲ ಅದೇ ಸುದ್ದಿ. ಬರ್ಗ್‌ಮನ್ ಅಷ್ಟರಲ್ಲಿ ಹಾಲಿವುಡ್‌ಗೆ ವಾಪಸಾಗಿ ಇನ್ನೊಂದು ಆಸ್ಕರ್ ಗೆದ್ದಿದ್ದಳು. 1972ರಲ್ಲಿ ಇನ್ನೊಬ್ಬ ಸೆನೆಟರ್ ಅದೇ ಸಂಸತ್ತಿನಲ್ಲಿ ಅವಳ ಕ್ಷಮೆ ಕೇಳಿದ.

ಇಲ್ಸಾಳನ್ನು ಯಾರೂ ಕೇಳಲಿಲ್ಲ ಅಂದಿರಿ. ಬರ್ಗ್‌ಮನ್ ಯಾರನ್ನೂ ಕೇಳಲಿಲ್ಲ.

ತುಂಗಾತೀರ:
ಸರಿ, ಸೋತೆ. ರಾತ್ರಿ ಮತ್ತೆ ಹಾಕಿದೆ. ಬಾಗಿಲು ತಳ್ಳಿಕೊಂಡು ಬರುವ ಸೀನ್ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಭರಣಿ ಖಾಲಿ ಇಲ್ಲ. ಇಷ್ಟಕ್ಕಿಂತ ಜಾಸ್ತಿ ಒಪ್ಪಿಕೊಳ್ಳಲ್ಲ. ಸೂಟಿನ ವಿಷಯದಲ್ಲಿ ರಾಜಿ ಇಲ್ಲ.

ಕರಿಮೆಣಸು:
ಎಲ್ಲರಿಗೂ ಥ್ಯಾಂಕ್ಸ್. ನಾನಿನ್ನೂ ರಿಕ್‌ನನ್ನು ಪೂರ್ತಿ ಬಿಟ್ಟಿಲ್ಲ, ಅದು ಬೇರೆ ಮಾತು.

ಅಮ್ಮ ಬೆಳಿಗ್ಗೆ ಕಾಫಿ ಕೊಡುವಾಗ ಇದ್ದಕ್ಕಿದ್ದ ಹಾಗೆ ಕೇಳಿದಳು, "ಅಲ್ವೇ, ಆ ಪಿಯಾನೋದವನ ಗತಿ ಏನಾಯಿತು? ಪ್ಯಾರಿಸ್‌ನಿಂದ ಇವನ ಜೊತೆಗೇ ಬಂದವನಲ್ವಾ? ಇವನು ಅವಳನ್ನು ವಿಮಾನ ಹತ್ತಿಸಿದ, ತಾನು ಪೊಲೀಸ್‌ನವನ ಜೊತೆ ಹೊರಟ. ಅವನಿಗೆ ಬರ್ತೀನಿ ಅಂತಾದರೂ ಹೇಳಿದನಾ?"

ನನಗೆ ನೆನಪೇ ಆಗುತ್ತಿಲ್ಲ. ಹೇಳಿದನಾ?

ಹಳೇರೀಲು:
ಹೇಳಲ್ಲ. ಇಷ್ಟು ಸಲ ನೋಡಿದ್ದೇನೆ, ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಅಮ್ಮನಿಗೆ ನಮಸ್ಕಾರ ಹೇಳಿ.

ಕೆಫೆಯನ್ನು ಅದೇ ಊರಿನ ಇನ್ನೊಂದು ಕೆಫೆಯ ಮಾಲೀಕ ಫೆರಾರಿಗೆ ಮಾರುವಾಗ ಮಾತ್ರ ಸ್ಯಾಮ್ ಹೆಸರು ಬರುತ್ತದೆ. ಲಾಭದಲ್ಲಿ ಅವನಿಗೆ ಶೇಕಡಾ 25 ಕೊಡುವುದು ನಮ್ಮ ಕರಾರು, ಅದು ಹಾಗೇ ಮುಂದುವರಿಯಬೇಕು ಅನ್ನುತ್ತಾನೆ ರಿಕ್. ಫೆರಾರಿ ನಗುತ್ತಾನೆ. ಅವನಿಗೆ ಸಿಗುತ್ತಿದ್ದದ್ದು 10 ಅಂತ ನನಗೆ ಗೊತ್ತು, ಇರಲಿ, 25ಕ್ಕೆ ಯೋಗ್ಯ ಅವನು ಅನ್ನುತ್ತಾನೆ.

ಕರಿಮೆಣಸು:
ಹೇಳಿದೆ. "ಅವನನ್ನು ಕೇಳಿದರಾ?" ಅಂದಳು.